ಬಾವ ಬಂದ ದಿನ

ತಿರುಮಣಿ ಹತ್ತಿರದ ಹಟ್ಟಿಯಿಂದ
೧೯ ಮೇ ೨೦೨೪, ಭಾನುವಾರ

ತಾಯಿಯ ಸಮಾನಳಾದ ಅಕ್ಕ ರಂಗಕ್ಕನಿಗೆ,

ನಿನ್ನ ತಮ್ಮ ಅಂಜನಪ್ಪ ಮಾಡುವ ನಮಸ್ಕಾರ. ಇಲ್ಲಿ ಎಲ್ಲ ಕ್ಷೇಮ ಎಂದು ಮೊದಲು ಬರೆಯಬೇಕು. ಆ ಸಾಲು ಬರೆದು ಹೊಡೆದುಹಾಕಿದ್ದೇನೆ, ಗುರುತು ಕಾಣಿಸಿದರೆ ಕ್ಷಮಿಸು. ಕಾಗದ ತಡವಾದದ್ದಕ್ಕೂ ಕ್ಷಮಿಸು. ನಿನ್ನ ಮಗ ನಟರಾಜು ಕುರಿ ಹೊಡೆದುಕೊಂಡು ಹೋಗಲು ಬಂದಾಗ ನಿನ್ನ ಮಾತು ತಲುಪಿಸಿದ. ‘ಮಾವ, ಅಮ್ಮ ಹೇಳವ್ಳೆ. ಆವತ್ತು ಏನಾಯ್ತು ಅಂತ ನೀನೇ ನಿನ್ ಕೈಯಾರೆ ಬರ್ದು ಕಳಿಸ್ಬೇಕಂತೆ. ಅದ ಓದೋಗಂಟ ನಮ್ ಹೊಸ್ಲು ತುಳೀಬ್ಯಾಡ ಅಂದವ್ಳೆ’ ಎಂದ. ಅವನು ಹೋಗಿ ಇಪ್ಪತ್ತು ದಿನವಾಯಿತು. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ನನಗೆ ಅನುಕೂಲವಾಗುವ ಹಾಗೆ ಬರೆದು ಹರಿದೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಒಳ್ಳೆಯದೇ. ಫೋನಿನಲ್ಲಾದರೆ ನಾನು ಅತ್ತು ತಪ್ಪಿಸಿಕೊಳ್ಳುತ್ತಿದ್ದೆ.

ನಿನ್ನ ಮೊಮ್ಮಗಳು ಲಾವಣ್ಯ ಇದನ್ನು ನಿನಗೆ ಓದಿ ಹೇಳುತ್ತಾಳೆಂದು ಗೊತ್ತು. ಲಾವಣ್ಯ, ನಿಧಾನವಾಗಿ ಓದಮ್ಮ, ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ.

ಬಾವನ ಬಲಗಾಲಿಗೆ ಈಗ ಪಾದವಿಲ್ಲ. ಅದು ನಿನಗೆ ಗೊತ್ತು, ದಿನಾ ನೋಡುತ್ತಿದ್ದೀಯ. ಅದು ಹೇಗೆ ಹೋಯಿತೆಂದು ಹತ್ತು ಬಾಯಿ ಹತ್ತು ಥರ ಹೇಳಿವೆ. ಯಾರೋ ಹಂದಿಗೆ ಇಟ್ಟ ಬೋನು ಎಂದು ಕೆಲವರು, ಸೋಲಾರ್‌ನವರ ತಂತಿ ಎಂದು ಕೆಲವರು. ಹಂದಿಗೆ ಇಟ್ಟದ್ದಲ್ಲ, ತಂತಿಯೂ ಅಲ್ಲ. ತೋಳಕ್ಕೆಂದು ಇಟ್ಟ ಬೋನು. ಇಟ್ಟವನು ಪಕ್ಕದ ಮನೆಯ ರಂಗೇಶ್, ಜಾಗ ತೋರಿಸಿದವನು ನಾನು. ಕಾನೂನು ಒಪ್ಪುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ರಂಗೇಶನಿಗೆ ಇನ್ನೂ ವಯಸ್ಸಿದೆ ಎಂದು ಇಟ್ಟವನೂ ನಾನೇ ಎಂದು ಪೊಲೀಸರ ಹತ್ತಿರ ಬರೆಸಿದ್ದೇನೆ. ಮಧುಗಿರಿ ಕೋರ್ಟಿಗೆ ಎರಡು ಸಲ ಹೋಗಿ ಬಂದೆ. ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ, ಗುರುತಿದ್ದವರೆಲ್ಲ ಒಂದೊಂದು ಮಾತು ಎಸೆದರು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಅನ್ನುತ್ತಾರಲ್ಲ, ತೋಳ ಬೀಳಲಿಲ್ಲ, ತೋಳ ಹಿಡಿಯುವವನು ಬಿದ್ದ.

ಮೊದಲಿನಿಂದ ಹೇಳುತ್ತೇನೆ. ಈ ವರ್ಷ ಮಂಡಿನೋವೆಂದು ಬಾವ ಮಂದೆಯ ಜೊತೆ ಬರಲಿಲ್ಲ. ‘ಅಂಜನಿ ಅವ್ನೆ, ನೋಡ್ಕಂತಾನೆ ಬುಡು’ ಎಂದು ಶಿರಾದಿಂದ ಕುರಿಗಳನ್ನು ನನ್ನ ಭರವಸೆಯ ಮೇಲೆ ಕಳಿಸಿದರು. ಕಡಲೆಕಾಯಿ ಕಿತ್ತ ಹೊಲಗಳಲ್ಲಿ ಮೇಯಿಸುವುದು ನಮ್ಮ ಹಳೆಯ ರೂಢಿ. ಈಗ ಹೊಲಗಳಿದ್ದ ಕಡೆ ಸೋಲಾರ್‌ನವರ ಗಾಜಿನ ಹಲಗೆಗಳು, ಸುತ್ತ ತಂತಿಬೇಲಿ. ಬೇಲಿಗೂ ಗುಡ್ಡಕ್ಕೂ ನಡುವೆ ಉಳಿದ ಪಟ್ಟಿಯಲ್ಲೇ ಎಲ್ಲರ ಕುರಿಯೂ ಮೇಯಬೇಕು. ತೋಳಕ್ಕೂ ಅದೇ ಪಟ್ಟಿ. ದೀಪಾವಳಿಯಿಂದ ಈಚೆಗೆ ನಿಮ್ಮ ಮಂದೆಯಲ್ಲಿ ಹನ್ನೊಂದು ಹೋದವು. ನಿನಗೆ ನಾಲ್ಕು ಎಂದು ಹೇಳಿದ್ದೆ.

ಹನ್ನೊಂದನೆಯದು ಹೋದ ಬೆಳಿಗ್ಗೆ ರಂಗೇಶ್ ಎಲ್ಲಿಂದಲೋ, ಕಾಲಿಟ್ಟರೆ ಕಚ್ಚಿಕೊಳ್ಳುವ ಕಬ್ಬಿಣದ ಹಲ್ಲುಬೋನು ತಂದು ಅಂಗಳದಲ್ಲಿ ಇಟ್ಟ. ‘ಅಣ್ಣ, ನೀನು ಜಾಗ ತೋರ್ಸು ಸಾಕು. ಮಿಕ್ಕಿದ್ದು ನಾನ್ ನೋಡ್ಕಂತೀನಿ. ಪಾವಗಡ ತಾಲ್ಲೂಕ್ನಾಗೆ ನಿನ್ನಂಗೆ ಜಾಗ ಹುಡುಕೋನು ಯಾವನವ್ನೆ?’ ಎಂದ. ಅಕ್ಕ, ಅರವತ್ಮೂರು ವರ್ಷದ ಮುದಿಯನಿಗೆ ಇಷ್ಟು ಹೊಗಳಿಕೆ ಸಾಕು. ಯಾರೂ ನನ್ನನ್ನು ಏನೂ ಕೇಳದೆ ಎಷ್ಟು ವರ್ಷವಾಗಿತ್ತು! ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಜಾಗ ಹುಡುಕುವುದನ್ನು ನನಗೆ ಕಲಿಸಿದವರೇ ಬಾವ. ನಿನ್ನ ಮದುವೆಯಾದ ವರ್ಷ ಅವರು ನನ್ನನ್ನು ಗುಡ್ಡಕ್ಕೆ ಕರೆದುಕೊಂಡು ಹೋಗಿ, ತೋಳವನ್ನು ಹುಡುಕಬೇಡ, ಅದು ನಿಂತು ನೋಡುವ ಜಾಗ ಹುಡುಕು ಎಂದಿದ್ದರು. ಪೊದೆ ಅದಕ್ಕೆ ಬೇಡ. ಬೋಳು ದಿಣ್ಣೆ ಬೇಕು, ಮಂದೆಯ ವಾಸನೆ ತರುವ ಗಾಳಿ ಎದುರಿಗೆ ಬೀಸಬೇಕು, ಹಿಂದಕ್ಕೆ ಓಡಲು ಹಳ್ಳ ಇರಬೇಕು. ಕಾಲುದಾರಿ ಕೂಡುವಲ್ಲಿ ಅದರ ಲದ್ದಿ ಇರುತ್ತದೆ, ಮುರಿದರೆ ಒಳಗೆ ನಿಮ್ಮದೇ ಕುರಿಯ ಉಣ್ಣೆ. ಆದರೆ ನನಗೆ ಗೊತ್ತಿದ್ದ ದಿಣ್ಣೆಗಳಲ್ಲಿ ಅರ್ಧ ಬೇಲಿಯ ಒಳಗೆ ಹೋಗಿವೆ. ಹತ್ತು ದಿನ ನಡೆದೆ. ಸಂಜೆ ಕಾಲು ಊದುತ್ತಿತ್ತು. ನನ್ನ ಹೆಂಡತಿ ದೊಡ್ಡಕ್ಕ ಬಿಸಿನೀರು ಸುರಿಯುತ್ತ, ‘ತ್ವಾಳ ಸಾಯೋದ್ಕಿಂತ ಮುಂಚೆ ನೀನ್ ಸಾಯ್ತೀಯ’ ಎಂದು ಬೈಯುತ್ತಿದ್ದಳು.

ಹನ್ನೊಂದನೇ ದಿನ ಸಿಕ್ಕಿತು. ಸೋಲಾರ್‌ನವರ ಮಣ್ಣುರಸ್ತೆಯ ಕೆಳಗೆ ಮಳೆನೀರು ಹೋಗಲು ಸಿಮೆಂಟಿನ ದೊಡ್ಡ ಪೈಪು ಹಾಕಿದ್ದಾರೆ. ತೋಳ ಅದರೊಳಗಿನಿಂದ ಬಂದುಹೋಗುತ್ತಿತ್ತು. ಪೈಪಿನ ಬಾಯಲ್ಲಿ ಮೊಣಕಾಲೆತ್ತರದ ಒಂದು ಕಲ್ಲು, ಅದರಾಚೆ ಮೆತ್ತನೆಯ ಮರಳು. ನಮ್ಮ ಹಟ್ಟಿಯಿಂದ ಗುಡ್ಡಕ್ಕೆ ಹೋಗುವ ಹಳೆಯ ಕಾಲುದಾರಿಯೂ ಅದೇ ಕಲ್ಲನ್ನು ದಾಟುತ್ತದೆ. ಕಲ್ಲು ದಾಟುವ ಯಾವ ಜೀವವಾದರೂ ಅದರಾಚೆ ಒಂದು ಗೇಣಿನಲ್ಲೇ ಕಾಲಿಡಬೇಕು. ಅಲ್ಲೇ ಮರಳಲ್ಲಿ ಹೂತಿಡು ಎಂದು ರಂಗೇಶನಿಗೆ ಬೆರಳು ಮಾಡಿ ತೋರಿಸಿದೆ. ಆ ಕಡೆ ಕುರಿ ಬಿಡುವವರಿಗೆಲ್ಲ ಹೇಳಿದೆವು. ಹಟ್ಟಿಯಲ್ಲೇ ಇರುವ ಹೆಂಗಸರಿಗೆ ಹೇಳಲಿಲ್ಲ, ಅವರ ಬಾಯಿಗೆ ಬಿದ್ದರೆ ಫಾರೆಸ್ಟಿನವರಿಗೆ ತಲುಪುತ್ತದೆ ಎಂದು. ಆಮೇಲೆ ಇಪ್ಪತ್ತಾರು ದಿನ ಗುಡ್ಡದ ದೊಡ್ಡ ಕಲ್ಲುಗುಂಡಿನ ಮೇಲೆ ಕೂತು ಕಾದೆ. ತೋಳ ಪೈಪು ಬಿಟ್ಟು ಬೇರೆ ಎಲ್ಲ ಕಡೆ ಓಡಾಡಿತು.

ಇನ್ನೊಂದು ವಿಷಯ ಹೇಳದಿದ್ದರೆ ಲಾವಣ್ಯಳಿಗೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಹಟ್ಟಿಯಲ್ಲಿ ಕುರಿಯ ಎದುರಿಗೆ ತೋಳದ ಹೆಸರೆತ್ತುವುದಿಲ್ಲ. ಕನ್ನಡದಲ್ಲೂ ಇಲ್ಲ, ತೆಲುಗಿನಲ್ಲೂ ಇಲ್ಲ. ಎತ್ತಿದರೆ ಕರೆದ ಹಾಗೆ. ಅದಕ್ಕೆ ನಾವು ‘ಬಾವ’ ಅನ್ನುತ್ತೇವೆ. ಹೇಳದೆ ಕೇಳದೆ ಬಂದು ಮರಿ ಎತ್ತಿಕೊಂಡು ಹೋಗುವವನು ಬಾವನಲ್ಲದೆ ಇನ್ಯಾರು ಎಂದು ನಮ್ಮಪ್ಪ ನಿನ್ನ ಗಂಡನನ್ನು ರೇಗಿಸುತ್ತಿದ್ದದ್ದು ನಿನಗೆ ನೆನಪಿರಬೇಕು. ಬಾವನೂ ನಗುತ್ತಿದ್ದರು. ಹಟ್ಟಿಯ ಮಗಳ ಗಂಡ ಎಂದು ಅವರೂ ಹಟ್ಟಿಗೆಲ್ಲ ಬಾವನೇ.

ಶಿವರಾತ್ರಿಗೆ ಮೂರು ದಿನ ಮುಂಚೆ, ಸಂಜೆ ನಾಲ್ಕರ ಹೊತ್ತು. ನಾನು ಗುಂಡಿನ ಆಚೆ ಬದಿಯಲ್ಲಿದ್ದೆ, ಅಲ್ಲಿಂದ ಪೈಪು ಕಾಣುವುದಿಲ್ಲ. ರಂಗೇಶನ ತಾಯಿ ಪಟಾಲಮ್ಮ ಕೆರೆ ಏರಿಯಿಂದ ಫೋನು ಮಾಡಿದಳು. ‘ಏಮಪ್ಪಾ ಅಂಜನೀ, ಬಾವ ಬಂದವ್ನೆ, ಪೈಪಿನ ತಾವ್ಕೆ ಹೋಯ್ತಾವ್ನೆ’ ಎಂದಳು. ‘ಬರ್ಲಿ ಬುಡು, ಅವನ್ಗೇ ಅಂತ್ಲೇ ಮಡಗಿರಾದು. ನೀನು ಕೂಗಿ ಕೆಡಿಸ್ಬ್ಯಾಡ’ ಎಂದೆ. ಅವಳು ನಗುತ್ತ ಫೋನಿಟ್ಟಳು. ಬಾವನಿಗೆಂದು ನಾನು ಏನೋ ತಿನ್ನುವುದು ಕುಡಿಯುವುದು ಮುಚ್ಚಿಟ್ಟಿದ್ದೇನೆ ಎಂದುಕೊಂಡಳಂತೆ. ಆ ಮುದುಕಿ ಈಗಲೂ ಅದನ್ನು ಹೇಳಿ ಹಣೆ ಚಚ್ಚಿಕೊಳ್ಳುತ್ತಾಳೆ.

ನಿನಗೂ ಹೇಳದೆ ಬಾವ ಶಿರಾದಿಂದ ಮಧುಗಿರಿ, ಮಧುಗಿರಿಯಿಂದ ಪಾವಗಡ ಎಂದು ಬಸ್ಸು ಬದಲಿಸಿ ಬಂದಿದ್ದರು. ಕುರಿಗಳ ಸುದ್ದಿ ಯಾರಿಂದಲೋ ತಿಳಿದಿತ್ತು. ಪಟಾಲಮ್ಮನನ್ನು ಕೇಳಿದಾಗ ನಾನು ಗುಡ್ಡದ ಕಡೆ ಇದ್ದೇನೆ ಎಂದಳು. ಅವರಿಗೆ ಗೊತ್ತಿದ್ದ ಹಳೆಯ ದಾರಿ ಹಿಡಿದು ನನ್ನ ಹತ್ತಿರ ಬರುತ್ತಿದ್ದರು.

ಬೋನು ಮುಚ್ಚಿಕೊಂಡ ಸದ್ದು ಗುಂಡಿನವರೆಗೂ ಕೇಳಿಸಿತು. ನಾನು ನಕ್ಕೆ, ಅಕ್ಕ. ಕೋಲು ಹಿಡಿದು ಓಡಿದೆ. ಅರ್ಧ ದಾರಿಯಲ್ಲಿ ಕೂಗು ಕೇಳಿಸಿತು, ಅದು ತೋಳದ್ದಲ್ಲ. ಹೋಗಿ ನೋಡಿದರೆ ಮರಳಿನ ಮೇಲೆ ಬಾವ, ಪಕ್ಕದಲ್ಲಿ ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಬಾಳೆಹಣ್ಣಿನ ಚೀಲ. ಬೋನು ಬಿಚ್ಚಲು, ಕೂಗು ಕೇಳಿ ಓಡಿಬಂದ ರಂಗೇಶನೂ ನಾನೂ ಹಾರೆ ಹಾಕಿ ಮೀಟಬೇಕಾಯಿತು. ಅಷ್ಟು ಹೊತ್ತೂ ಅವರು ನನ್ನ ಭುಜ ಹಿಡಿದುಕೊಂಡಿದ್ದರು. ಆ ಬೆರಳಿನ ಗುರುತು ನಾಲ್ಕು ದಿನ ಇತ್ತು. ಆಮೇಲಿನದು ನಿನಗೆ ಗೊತ್ತು. ತುಮಕೂರಿನ ಆಸ್ಪತ್ರೆ, ಡಾಕ್ಟರು ತಲೆಯಾಡಿಸಿದ್ದು, ನೀನು ನನ್ನ ಮುಖ ನೋಡದೆ ಗೋಡೆ ನೋಡಿದ್ದು.

ಕಾಲು ತೆಗೆದ ಮೂರನೇ ದಿನ ನೀನು ಔಷಧಿಗೆ ಹೋಗಿದ್ದಾಗ ಬಾವ ನನ್ನನ್ನು ಹತ್ತಿರ ಕರೆದರು. ‘ಲೇ ಅಂಜನಿ, ಜಾಗ ಮಾತ್ರ ಸರ್ಯಾಗೇ ಹುಡುಕಿದ್ದೆ ಕಣ್ಲಾ’ ಎಂದರು. ನಾನು ಅವರ ಮಂಚಕ್ಕೆ ತಲೆ ಚಚ್ಚಿಕೊಂಡೆ. ‘ಸುಮ್ಕಿರ್ಲಾ, ನೀನ್ ತ್ವಾಳ ಅಂದ್ಕಂಡೆ. ಕಿವಿ ಮಾಡಿದ್ ತಪ್ಪಿಗೆ ಮನುಷ್ಯ ಏನ್ ಮಾಡಾನು?’ ಎಂದು ಅವರೇ ನನಗೆ ಸಮಾಧಾನ ಹೇಳಿದರು. ಪೊಲೀಸರ ಮುಂದೆಯೂ ಯಾರ ಮೇಲೂ ದೂರು ಬೇಡ ಎಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈಗ ಉರಿಯುವ ಒಲೆಯಿಂದ ಯಾರಿಗೂ ಪ್ರಯೋಜನವಿಲ್ಲ.

ತೋಳ ಇನ್ನೂ ಇದೆ. ಯುಗಾದಿ ಆದ ಮೇಲೆ ಅದೇ ಪೈಪಿನಿಂದ ಬಂದು ಒಂದು ಮರಿ ಎತ್ತಿತು. ಹೆಜ್ಜೆ ನೋಡಿದೆ, ಕೋಪ ಕೂಡ ಬರಲಿಲ್ಲ. ಮೊನ್ನೆ ಮಡಕಶಿರಾ ಕಡೆಯ ಕುರಿಯವರು ಬಂದು, ಒಂದು ಒಳ್ಳೆ ಜಾಗ ತೋರಿಸು ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ದಣಿದಿದ್ದೇನೆ ಅಕ್ಕ. ಬೆಳಿಗ್ಗೆ ಎದ್ದಾಗಲೇ ಸಂಜೆಯ ದಣಿವು ಇರುತ್ತದೆ.

ನಾನು ಕೇಳುವುದು ಒಂದೇ. ಒಂದು ಸಲ ಬಂದು ಬಾವನ ಪಕ್ಕ ಕೂರಲೇ? ಮನೆಯೊಳಗೆ ಬೇಡ ಎಂದರೆ ಜಗಲಿಯಲ್ಲಿ ಕೂರುತ್ತೇನೆ. ಅವರನ್ನು ಬಿಸಿಲಿಗೆ, ನೆರಳಿಗೆ ಎತ್ತಿ ಕೂರಿಸಲು ಒಂದು ಆಳು ಬೇಕಲ್ಲ, ನಟರಾಜು ಮಂದೆಯ ಹಿಂದೆ ಹೋದರೆ ನಿನಗೆ ಯಾರಿದ್ದಾರೆ? ಬರಬೇಡ ಎಂದರೆ ಬರುವುದಿಲ್ಲ. ನಟರಾಜುವಿನ ಬಾಯಲ್ಲಿ ಒಂದು ಮಾತು ಹೇಳಿ ಕಳಿಸು.

ಲಾವಣ್ಯಳಿಗೆ ನನ್ನ ಆಶೀರ್ವಾದ. ಚೆನ್ನಾಗಿ ಓದಿ ಅಜ್ಜಿಯ ಕಣ್ಣಾಗಿರಲಿ. ನಿಮ್ಮ ಮಂದೆ ನೂರಾಗಲಿ, ಬಾವನ ಗಾಯ ಬೇಗ ಒಣಗಲಿ. ದೊಡ್ಡಕ್ಕ ನಿನ್ನ ಕಾಲಿಗೆ ಬಿದ್ದೆ ಎಂದು ಬರೆಯಲು ಹೇಳಿದಳು.

ನಿನ್ನ ತಮ್ಮ,
ಅಂಜನಪ್ಪ

ಮರೆತ ಮಾತು: ಈ ತುಂಡು ಹಾಳೆಯನ್ನು ಬೇರೆ ಮಡಚಿ ಅಂಟಿಸಿದ್ದೇನೆ. ಲಾವಣ್ಯಳ ಕೈಗೆ ಕೊಡಬೇಡ. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ, ಕೂಡಿಸಿಕೊಂಡು ನೀನೇ ಓದು. ಮರೆತ ಮಾತು ಎಂದು ಬರೆದೆ, ಮರೆತದ್ದಲ್ಲ.

ಪಟಾಲಮ್ಮ ‘ಬಂದವ್ನೆ’ ಅನ್ನಲಿಲ್ಲ. ‘ಬಾವ ಬಂದವ್ರೆ, ಪೈಪಿನ ತಾವ್ಕೆ ಹೋಯ್ತಾವ್ರೆ’ ಅಂದಳು. ತೋಳಕ್ಕೆ ಯಾರೂ ಬಹುವಚನ ಕೊಡುವುದಿಲ್ಲ. ನನ್ನ ಕಿವಿಗೆ ಏನೂ ಆಗಿಲ್ಲ ಅಕ್ಕ, ‘ರೆ’ ಅಂದದ್ದು ಸರಿಯಾಗಿ ಕೇಳಿಸಿತು. ಮನಸ್ಸು ಒಂದು ಗಳಿಗೆ ನಿಂತಿತು. ಬಾವನಾದರೆ ಕೂಗಿ ನಿಲ್ಲಿಸಬೇಕು, ತೋಳವಾದರೆ ಕೂಗಿದ ಕೂಡಲೇ ಓಡಿಹೋಗುತ್ತದೆ. ಇಪ್ಪತ್ತಾರು ದಿನ ಕಾದಿದ್ದೆ. ಮುದುಕಿ ಬಾಯಿತಪ್ಪಿ ಅಂದಿರಬೇಕು ಅಂದುಕೊಂಡೆ. ‘ಯಾವ ಬಾವ’ ಎಂದು ಕೇಳಲಿಲ್ಲ.

ಪೊಲೀಸರಿಗೆ, ವಕೀಲರಿಗೆ, ಬಾವನಿಗೆ, ಎಲ್ಲರಿಗೂ ‘ನೆ’ ಎಂದೇ ಹೇಳಿದ್ದೇನೆ. ತಾನು ಏನಂದೆ ಎಂದು ಪಟಾಲಮ್ಮನಿಗೆ ನೆನಪಿಲ್ಲ. ನೀನು ಕೈಯಾರೆ ಬರೆ ಅಂದದ್ದಕ್ಕೆ ಬರೆದೆ. ಬಾ ಅನ್ನುವುದು, ಬೇಡ ಅನ್ನುವುದು ಇದನ್ನು ಓದಿದ ಮೇಲೆ ನಿನಗೆ ಬಿಟ್ಟದ್ದು.

ಬಾವನಿಗೆ ಮಾತ್ರ ಹೇಳಬೇಡ. ಅವರು ಕ್ಷಮಿಸಿಬಿಡುತ್ತಾರೆ.