ಯಾಕೆ ಎಂಬುದನ್ನು ಬಿಟ್ಟು

ಜನವರಿ ೨೬, ಭಾನುವಾರ ಮಧ್ಯಾಹ್ನ

ನನ್ನ ಮಗಳ ತಾಯಿಗೆ,

ಹಿಂದಿನ ಪತ್ರಗಳನ್ನೆಲ್ಲ ‘ಕರ್ತನಲ್ಲಿ ಪ್ರಿಯಳಾದ ನನ್ನ ಹೆಂಡತಿಗೆ’ ಎಂದು ಶುರು ಮಾಡುತ್ತಿದ್ದೆ. ಈ ಸಲ ಕರ್ತನನ್ನು ಮುಂದಿಟ್ಟುಕೊಂಡು ನಿನ್ನೆದುರು ಬರಲು ಧೈರ್ಯ ಸಾಲಲಿಲ್ಲ. ಅಕ್ಷರ ಕೋಳಿಕಾಲಿನಂತಿದೆ. ಬಲಗೈಯ ಎರಡು ಬೆರಳು ಮುರಿದಿವೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಗಾಬರಿಯಾಗಬೇಡ ಎಂದು ಬರೆಯಲು ಹೊರಟೆ. ನೀನು ಯಾಕೆ ಗಾಬರಿಯಾಗಬೇಕು ಅನ್ನಿಸಿ ಬಿಟ್ಟುಬಿಟ್ಟೆ.

ನಿನ್ನ ವಕೀಲರ ನೋಟೀಸು ಡಿಸೆಂಬರ್ ಮೊದಲ ವಾರವೇ ಕೈಸೇರಿತು. ನಿನಗೆ ಬೇರೆಯಾಗಬೇಕು, ಮಗಳು ನಿನ್ನ ಹತ್ತಿರವೇ ಇರಬೇಕು, ಹನ್ನೊಂದು ವರ್ಷ ನಾನು ನಿನ್ನನ್ನು ಹೊಡೆದು ಬಡಿದು ಮಾಡಿದ್ದೇನೆ ಎಂದು ಅದರಲ್ಲಿತ್ತು. ಉತ್ತರವನ್ನು ನಾನು ಆ ದಿನವೇ ಹೀಗೆ ಬರೆದಿಟ್ಟಿದ್ದೆ: ಒಂದು ಸಲವೂ ಕೈ ಎತ್ತಿದವನಲ್ಲ. ಅವಳ ಕೈ ಮುರಿದದ್ದು ಬಚ್ಚಲಲ್ಲಿ ಜಾರಿ. ನಮ್ಮೂರ ಚರ್ಚಿನ ಸಭೆಯ ಹಿರಿಯರಲ್ಲಿ ನಾನೂ ಒಬ್ಬ, ನನ್ನ ನಡತೆಗೆ ಇಡೀ ಸಭೆಯೇ ಸಾಕ್ಷಿ. ಮಗಳನ್ನು ನನಗೇ ಒಪ್ಪಿಸಬೇಕು. ಓದಿದವರು ತಲೆದೂಗುವ ಹಾಗಿತ್ತು. ಅಂಚೆಗೆ ಹಾಕುವುದೊಂದು ಬಾಕಿ.

ಕೆಲಸಕ್ಕೆಂದು ಬಂದ ಈ ಹಿಮದೂರಿನಲ್ಲಿ ನಾನು ಕಲಿಸುವುದು ಮರಗೆಲಸದ ಶಾಲೆಯಲ್ಲಿ, ದೊಡ್ಡವರಿಗೆ, ಲೆಕ್ಕ ಮತ್ತು ಅಳತೆ. ಚೌಕಟ್ಟಿಗೆ ಎಷ್ಟು ಮರ ಬೇಕು, ಮೂಲೆಯನ್ನು ಎಷ್ಟು ಓರೆಯಾಗಿ ಕೊಯ್ಯಬೇಕು, ಇಂಥದ್ದು. ತರಗತಿಗೂ ಕೆಲಸದ ಕೋಣೆಗೂ ನಡುವೆ ಗೋಡೆಯಿಲ್ಲ. ಕಪ್ಪುಹಲಗೆಯ ಪಕ್ಕದಲ್ಲೇ ಗರಗಸ, ಉಳಿ, ಮರದ ಸುತ್ತಿಗೆಯಂಥ ಕೊಡತಿ ನೇತುಹಾಕಿರುತ್ತಾರೆ. ಚಳಿಯ ವಿಷಯ ಹಿಂದೆ ಬರೆದಾಗ ಹಿಮ ಬೆಳ್ಳಗೆ ಚೆಂದ ಎಂದಿದ್ದೆ. ಚೆಂದವೇನೂ ಇಲ್ಲ, ಮೈಮೇಲೆ ಬಿದ್ದು ಹೊಡೆಯುವ ಚಳಿ ಇದು. ತುಟಿ ಸೀಳುತ್ತದೆ, ಮೂಗಿನಿಂದ ರಕ್ತ ಒಸರುತ್ತದೆ. ಸೂರಿನಿಂದ ಆಳುದ್ದದ ಮಂಜುಗಡ್ಡೆ ಕಳಚಿ ಬಿದ್ದು ಶಾಲೆಯ ಕಾವಲುಗಾರನ ಭುಜದ ಮೂಳೆ ಪುಡಿಯಾಯಿತು. ನಾನು ಒಂದರ ಮೇಲೊಂದು ಎರಡು ಪ್ಯಾಂಟು ಹಾಕಿಕೊಂಡು ಹೋದರೆ, ಮೇಷ್ಟ್ರು ಬಂದರೋ ಭತ್ತದ ಚೀಲ ಬಂತೋ ಎಂದು ತರಗತಿ ನಗುತ್ತಿತ್ತು. ನಾನೂ ನಗುತ್ತಿದ್ದೆ. ಯಾರು ನಕ್ಕರೂ ಇಲ್ಲಿ ನನಗೆ ಸಿಟ್ಟು ಬರುತ್ತಿರಲಿಲ್ಲ. ಅದನ್ನೇ ನಾನು ಹೊಸ ಹುಟ್ಟು ಎಂದು ತಿಳಿದೆ.

ಒಂದು ಬೇಕರಿಯ ಮಹಡಿಯಲ್ಲಿ ಸಣ್ಣ ಸಭೆ ಸೇರುತ್ತದೆ. ಅಲ್ಲಿನ ಪಾದ್ರಿ ಮುದುಕರು, ಹಿಂದೆ ಕಸಾಯಿಖಾನೆಯಲ್ಲಿ ದುಡಿದವರು, ಎಡಗೈಗೆ ಹೆಬ್ಬೆರಳಿಲ್ಲ. ಡಿಸೆಂಬರಿನಲ್ಲಿ ಆ ಸಭೆಯೆದುರು ನಿಂತು ಸಾಕ್ಷಿ ಹೇಳಿದೆ. ನಾನು ಮುಂಗೋಪಿಯಾಗಿದ್ದೆ, ಈ ಹಿಮದ ನಡುವೆ ಕರ್ತನು ನನ್ನ ಕೋಪವನ್ನು ತೊಳೆದುಹಾಕಿದ ಎಂದೆ. ಹೆಂಗಸರು ಕಣ್ಣೊರೆಸಿಕೊಂಡರು. ಕೋಪ ಎಂಬ ಪದವನ್ನು ಆ ಹೊತ್ತು ಹತ್ತು ಸಲ ಆಡಿರಬೇಕು. ನಿನ್ನ ಪ್ರಸ್ತಾಪ ಒಂದು ಸಲವೂ ಬರಲಿಲ್ಲ. ಪಾದ್ರಿ ಮಾತ್ರ ನನ್ನನ್ನೇ ನೋಡುತ್ತಾ ಕೂತಿದ್ದರು.

ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬಳನ್ನು ಎಲ್ಲರೂ ಕಿಟಕಿಯಮ್ಮ ಎನ್ನುತ್ತಿದ್ದರು. ಮೇಜು ಮಾಡು ಎಂದರೂ ಬಾಗಿಲು ಮಾಡು ಎಂದರೂ ಅವಳು ಕಿಟಕಿಯನ್ನೇ ಮಾಡುವುದು. ವಯಸ್ಸು ಮೂವತ್ತರ ಆಸುಪಾಸು, ಮದುವೆಯಾದವಳು. ಒಲೆಯ ಪಕ್ಕ ಬೆವರುತ್ತ ಕೂತರೂ ಕತ್ತಿನ ಮಫ್ಲರ್ ತೆಗೆಯುತ್ತಿರಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು. ಆ ಕೋಣೆಯಲ್ಲಿ ನನ್ನಷ್ಟು ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಲ್ಲ. ಆದರೂ ಕೇಳಲಿಲ್ಲ.

ಒಂಬತ್ತನೇ ತಾರೀಖು, ಗುರುವಾರ ಮಧ್ಯಾಹ್ನ, ಅವಳ ಗಂಡ ಬೂಟಿನ ಹಿಮವನ್ನೂ ಕೊಡವದೆ ತರಗತಿಯೊಳಕ್ಕೆ ನುಗ್ಗಿದ. ಹೇಳದೆ ಕೇಳದೆ ಶಾಲೆಗೆ ಬಂದಿದ್ದಾಳಂತೆ. ಕೂದಲು ಹಿಡಿದು ಅವಳನ್ನು ಬೆಂಚಿನಿಂದ ಎಳೆದ. ಅವಳು ಕೂಗಲಿಲ್ಲ. ಗೋಡೆಯುದ್ದಕ್ಕೂ ಬಿಸಿನೀರು ಹರಿಯುವ ಕಬ್ಬಿಣದ ಕೊಳವೆಯಿದೆ. ಅದಕ್ಕೆ ಅವಳ ಮುಖವನ್ನು ಬಡಿದ. ಇನ್ನೊಂದು ಸಲ ಬಡಿದ. ಹಲ್ಲೊಂದು ಕಿತ್ತು ಮರದ ಹೊಟ್ಟಿನಲ್ಲಿ ಉರುಳಿತು. ಗಟ್ಟಿಮುಟ್ಟಾದ ಗಂಡಸರು, ದಿನವಿಡೀ ತೊಲೆ ಹೊರುವವರು, ಕಲ್ಲಾಗಿ ಕೂತಿದ್ದರು.

ನಾನು ಕೊಡತಿ ಎತ್ತಿಕೊಂಡೆ. ಮೊದಲ ಏಟು ಅವನ ಭುಜಕ್ಕೆ ಬಿತ್ತು. ಅವನು ಅವಳನ್ನು ಬಿಟ್ಟು ನನ್ನ ಮೇಲೆರಗಿ ನನ್ನ ಕೈಯನ್ನು ಬೆಂಚಿನ ಅಂಚಿಗೆ ಜಜ್ಜಿದ. ಬೆರಳು ಮುರಿದದ್ದು ಆಗ. ಕೊಡತಿಯನ್ನು ಎಡಗೈಗೆ ಬದಲಾಯಿಸಿಕೊಂಡು ದವಡೆಗೆ ಬೀಸಿದೆ. ಮೂಳೆ ಒಡೆದ ಸದ್ದಾಯಿತು, ಅವನು ಬಿದ್ದ. ಶಾಲೆಯವರು ಬರೆದ ವರದಿ ಅಲ್ಲಿಗೆ ಮುಗಿಯುತ್ತದೆ. ನಾನು ಮುಗಿಸಲಿಲ್ಲ. ಅವನ ಎದೆಯ ಮೇಲೆ ಮಂಡಿಯೂರಿ ಹೊಡೆದೆ. ಬಾಯಿಂದ ರಕ್ತದ ಗುಳ್ಳೆ ಏಳುತ್ತಿತ್ತು, ಕೈಮುಗಿಯುತ್ತಿದ್ದ. ಮುಗಿದ ಕೈಗೂ ಹೊಡೆದೆ. ನನಗೆ ಹಿತವಾಗಿತ್ತು. ಈ ಒಂದು ಮಾತು ಬರೆಯಲು ಅರ್ಧ ಗಂಟೆ ಹಿಡಿಯಿತು. ಹಿತವಾಗಿತ್ತು.

ಹಿಂದಿನಿಂದ ಯಾರೋ ನನ್ನ ಕೋಟು ಹಿಡಿದು ಜಗ್ಗಿದರು. ಕೊಡತಿ ಎತ್ತಿಕೊಂಡೇ ತಿರುಗಿದೆ. ಕಿಟಕಿಯಮ್ಮ. ನಾನು ತಿರುಗಿದ ತಕ್ಷಣ ಅವಳು ಮೊಣಕೈ ಮುಂದೆ ತಂದು, ಗದ್ದವನ್ನು ಎದೆಗೊತ್ತಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ನೀನು ಹೀಗೇ ಮಾಡುತ್ತಿದ್ದೆ. ನಿನ್ನ ಎಡ ಮೊಣಕೈಯೇ ಮುಂದೆ ಬರುತ್ತಿತ್ತು, ಅವಳದೂ ಅದೇ. ಏಟು ಇಳಿಯುವುದಕ್ಕೆ ಒಂದು ಗೇಣು ಬಾಕಿಯಿರುವಾಗ ಕೈ ತಡೆದೆ.

ಆಂಬುಲೆನ್ಸ್ ಬರುವವರೆಗೆ ಅವಳು ನಲ್ಲಿಯ ಕೆಳಗೆ ಬಾಯಿ ತೊಳೆಯುತ್ತಿದ್ದಳು. ನೀರು ಕೆಂಪಗೆ ಹೋಗುತ್ತಿತ್ತು. ನಾನು ಪಕ್ಕದಲ್ಲಿ ಬಟ್ಟೆ ಹಿಡಿದು ನಿಂತಿದ್ದೆ. ಅವಳು ತಲೆಯೆತ್ತದೆಯೇ ಕೇಳಿದಳು.

“ಸಾರ್, ನಿಮ್ಮ ಮನೇಲಿ ಹೀಗೆ ಮುಖ ಮುಚ್ಕೊಳ್ಳೋದು ಯಾರು?”

ಯಾರೂ ಇಲ್ಲ ಎಂದೆ.

“ಸುಳ್ಳು ಹೇಳ್ಬೇಡಿ. ಹೊಡೆದು ಅಭ್ಯಾಸ ಇರೋ ಕೈ ನನಗೆ ಗೊತ್ತಾಗುತ್ತೆ,” ಎಂದು ನನ್ನ ಕೈಯಲ್ಲಿದ್ದ ಬಟ್ಟೆಯನ್ನು ತೆಗೆದುಕೊಳ್ಳದೆ ಹೋದಳು.

ಮರುದಿನದಿಂದ ನಾನು ಊರಿಗೇ ದೊಡ್ಡ ಮನುಷ್ಯ. ಪ್ರಾಂಶುಪಾಲೆ ಎಲ್ಲರೆದುರು ನನ್ನ ಕೈಕುಲುಕಲು ಬಂದು, ಬೆರಳಿಗೆ ಕಟ್ಟಿದ ಪಟ್ಟಿ ನೋಡಿ, ಭುಜ ತಟ್ಟಿದರು. ಬಾಡಿಗೆ ಮನೆಯ ಯಜಮಾನಿ ಹೆಣೆದ ಸ್ವೆಟರ್ ತಂದುಕೊಟ್ಟರು. ಭಾನುವಾರ ಸಭೆಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ದೇವರು ನಿಮ್ಮನ್ನು ಇಲ್ಲಿಗೆ ಕಳಿಸಿದ್ದೇ ಇದಕ್ಕೆ ಎಂದರು. ನಾನು ತಲೆ ತಗ್ಗಿಸಿಕೊಂಡೆ. ಅದು ವಿನಯ ಎಂದು ಅವರಿಗೆ ಇನ್ನಷ್ಟು ಸಂತೋಷವಾಯಿತು.

ಅಂದಿನಿಂದ ಪ್ರಾರ್ಥನೆ ನಿಂತುಹೋಯಿತು. ಮೊಣಕಾಲೂರಿದರೆ ಸಾಕು, ಕಿಟಕಿಯಮ್ಮನ ಗಂಡನ ಎದೆ ಕೆಳಗೆ ಏರಿಳಿದಂತೆ ಆಗುತ್ತಿತ್ತು. ಕೀರ್ತನೆ ಹಾಡಲು ಬಾಯಿ ತೆರೆದರೆ ದವಡೆ ಒಡೆದ ಸದ್ದು ಕೇಳಿಸುತ್ತಿತ್ತು. ಕೊನೆಗೆ ಬುಧವಾರ ಪಾದ್ರಿಯ ಮನೆಗೆ ಹೋದೆ. ಅವರು ಮೆಟ್ಟಿಲ ಮೇಲಿನ ಹಿಮವನ್ನು ಸಲಿಕೆಯಲ್ಲಿ ಕೆದರಿ ಎಸೆಯುತ್ತಿದ್ದರು. ಹೆಂಡತಿಯ ವಿಷಯದಲ್ಲಿ ನನಗೆ ಕ್ಷಮೆ ಬೇಕು ಎಂದೆ. ನನ್ನಪ್ಪ ನನ್ನನ್ನು ನೀರು ಸೇದುವ ಹಗ್ಗದಲ್ಲಿ ಬಾರಿಸಿದ್ದು, ಕೋಪ ನನ್ನ ರಕ್ತದಲ್ಲೇ ಇರುವುದು, ಕೆಲಸದ ಕಷ್ಟ, ಎಲ್ಲವನ್ನೂ ಹೇಳಿದೆ. ಅವರು ಸಲಿಕೆ ನಿಲ್ಲಿಸಲೇ ಇಲ್ಲ.

“ಯಾಕೆ ಅನ್ನೋದನ್ನ ಬಿಡಪ್ಪ. ಏನು ಮಾಡಿದೆ, ಅದನ್ನ ಹೇಳು.”

ನಾನು ಮತ್ತೆ ನನ್ನಪ್ಪನಿಂದಲೇ ಶುರು ಮಾಡಿದೆ. ಆಗ ಅವರು ಸಲಿಕೆಯನ್ನು ಗೋಡೆಗೆ ಒರಗಿಸಿದರು.

“ಏಟು ತಿಂದವಳು ಅಲ್ಲಿ ಕೂತಿದ್ದಾಳೆ. ನೀನು ಇಲ್ಲಿ ಬಂದು, ಅವಳಿಗೆ ಗೊತ್ತಾಗದ ಹಾಗೆ, ದೇವರ ಹತ್ರ ಕ್ಷಮೆ ಇಸ್ಕೊಂಡು ಹೋಗ್ತೀನಿ ಅಂತೀಯ. ನೀನು ಕೇಳ್ತಿರೋದು ಕ್ಷಮೆ ಅಲ್ಲ, ಅಡಗಿಕೊಳ್ಳೋಕೆ ಜಾಗ.”

ಆ ಮಾತು ಕೇಳಿದಾಗ, ಆ ಮುದುಕರನ್ನು ಮೆಟ್ಟಿಲಿನಿಂದ ಕೆಳಗೆ ನೂಕಬೇಕೆಂದು ನನ್ನ ಕೈ ಮಿಡುಕಿತು. ಅದನ್ನೂ ಹೇಳಿಬಿಟ್ಟೆ. ಅವರು ಒಂದು ಮೆಟ್ಟಿಲು ಹಿಂದೆ ಸರಿದು, ಒಳಗೆ ಬಾ ಎಂದರು. ಅವರ ಅಡುಗೆಮನೆಯ ಮೇಜಿನ ಮೇಲೆ ನಾನು ಏನು ಮಾಡಿದೆನೋ ಅದನ್ನಷ್ಟೇ ಬರೆದೆ. ಕೋಪ ಎಂಬ ಪದ ಬಂದಲ್ಲೆಲ್ಲ ಅವರು ಬೆರಳಿಟ್ಟು ತೋರಿಸಿದರು, ನಾನು ಹೊಡೆದುಹಾಕಿದೆ.

ಬರೆದದ್ದು ಇದು. ಮದುವೆಯಾದ ನಾಲ್ಕನೇ ವಾರ ಸಾರಿಗೆ ಉಪ್ಪು ಹೆಚ್ಚಾಯಿತೆಂದು ನಿನ್ನ ಕಪಾಳಕ್ಕೆ ಹೊಡೆದೆ. ಆಮೇಲೆ ಲೆಕ್ಕವಿಲ್ಲ. ಬಸುರಿಯಿದ್ದಾಗ ಬೆನ್ನಿಗೆ ಒದ್ದೆ. ಉದ್ದ ತೋಳಿನ ರವಿಕೆ ಹೊಲಿಸಿಕೊ ಎಂದು ನಾನೇ ಬಟ್ಟೆ ತಂದುಕೊಟ್ಟೆ. ಹೋದ ವರ್ಷ ಆ ಭಾನುವಾರ, ಊಟಕ್ಕೆ ಬಂದ ನೆಂಟರೆದುರು ನೀನು, ಇವತ್ತು ಚರ್ಚಿನಲ್ಲಿ ಇವರು ಮಾಡಿದ ಪ್ರಸಂಗ ಹೋದ ತಿಂಗಳದ್ದೇ ಎಂದು ನಕ್ಕೆ. ಅವರು ಹೋದ ಮೇಲೆ ನಿನ್ನ ತಲೆಯನ್ನು ಅಡುಗೆಕಟ್ಟೆಯ ಕಲ್ಲಿಗೆ ಬಡಿದೆ. ನೀನು ಕುಸಿದೆ. ಆಮೇಲೆ ನಿನ್ನ ಬಲಗೈಯನ್ನು ಬೆನ್ನ ಹಿಂದೆ ತಿರುಚಿ, ಮೂಳೆ ಲಟಕ್ಕೆಂದ ಮೇಲೂ ಬಿಡಲಿಲ್ಲ. ಬಚ್ಚಲಲ್ಲಿ ಜಾರಿದೆ ಎನ್ನು ಎಂದು ಆಸ್ಪತ್ರೆಯ ದಾರಿಯುದ್ದಕ್ಕೂ ನಿನ್ನ ಬಾಯಲ್ಲಿ ಹೇಳಿಸಿದೆ. ನಿನ್ನ ಮಂಚದ ಪಕ್ಕ ಮಂಡಿಯೂರಿ ಗಟ್ಟಿಯಾಗಿ ಪ್ರಾರ್ಥಿಸಿದೆ. ಇಂಥ ಗಂಡ ಸಿಗಲು ಪುಣ್ಯ ಮಾಡಿರಬೇಕಮ್ಮ ಎಂದು ನರ್ಸು ನಿನಗೆ ಹೇಳಿದಳು. ನೀನು ಹೌದು ಎಂದೆ.

ಇದರ ಜೊತೆ ನಿನ್ನ ವಕೀಲರಿಗೆ ನನ್ನ ಉತ್ತರ ಇಟ್ಟಿದ್ದೇನೆ. ನೋಟೀಸಿನಲ್ಲಿರುವುದೆಲ್ಲ ನಿಜ, ಮಗಳು ನಿನ್ನವಳು, ನೀನಾಗಿ ಕರೆಯದೆ ನಾನು ಆ ಮನೆಯ ಹೊಸಿಲು ತುಳಿಯುವುದಿಲ್ಲ ಎಂದು ಪಾದ್ರಿಯ ಎದುರು ಸಹಿ ಹಾಕಿದ್ದೇನೆ. ಇದರದೇ ಪ್ರತಿ ನಮ್ಮೂರ ಸಭೆಯ ಪಾದ್ರಿ ಅಯ್ಯನವರಿಗೂ ಹೋಗಿದೆ. ನನ್ನನ್ನು ಹಿರಿಯನ ಸ್ಥಾನದಿಂದ ತೆಗೆದುಹಾಕಿ, ನಿನ್ನ ಒಪ್ಪಿಗೆಯಿದ್ದರೆ ಮಾತ್ರ ಇದನ್ನು ಸಭೆಯಲ್ಲಿ ಓದಿ ಎಂದು ಕೇಳಿಕೊಂಡಿದ್ದೇನೆ. ನಿನ್ನ ಮಾತನ್ನು ಸುಳ್ಳೆಂದವರಿಗೆ ಉತ್ತರ ನನ್ನ ಕೈಬರಹದಲ್ಲೇ ಇರಲಿ.

ಶುಕ್ರವಾರ ಇಲ್ಲಿನ ಪೊಲೀಸರ ಹತ್ತಿರ ಹೋಗಿ, ಆ ಮನುಷ್ಯ ಬಿದ್ದ ಮೇಲೂ ಹೊಡೆದೆ ಎಂದು ಹೇಳಿ ಬಂದೆ. ಅವನು ಬದುಕಿದ್ದಾನೆ, ದವಡೆಗೆ ತಂತಿ ಕಟ್ಟಿದ್ದಾರೆ, ಅವನ ಮೇಲೂ ಮೊಕದ್ದಮೆ ಇದೆ, ಇನ್ನು ನನ್ನ ಮೇಲೂ. ಶಾಲೆಯವರು ಬರಬೇಡಿ ಎಂದಿದ್ದಾರೆ. ಪುಸ್ತಕ ತರಲು ಹೋದಾಗ ಕಿಟಕಿಯಮ್ಮ ಮೆಟ್ಟಿಲಲ್ಲಿ ಸಿಕ್ಕಳು. ಈಗ ಅಕ್ಕನ ಮನೆಯಲ್ಲಿದ್ದಾಳಂತೆ, ಮಫ್ಲರ್ ಇರಲಿಲ್ಲ. ನಾನು ನಮಸ್ಕಾರ ಮಾಡಿದೆ. ಅವಳು ಗೋಡೆಯ ಪಕ್ಕಕ್ಕೆ ಸರಿದು, ನಾನು ಇಳಿದು ಹೋಗುವವರೆಗೆ ಅಲುಗದೆ ನಿಂತಳು.

ಪ್ರಾರ್ಥನೆ ಮತ್ತೆ ಬಂದಿದೆ. ಮೊದಲಿನ ಹಾಗೆ ನಿರರ್ಗಳವಾಗಿ ಅಲ್ಲ. ಕರ್ತನೇ, ನಾನು ಮಾಡಿದ್ದು ಇದು, ಎಂದಷ್ಟೇ ಹೇಳಿ ಏಳುತ್ತೇನೆ. ಎದೆ ಹಗುರವಾಗುವುದಿಲ್ಲ. ಆಗಬಾರದೆಂದೇ ಈಗ ಅನ್ನಿಸುತ್ತದೆ. ನಿನ್ನಿಂದ ಕ್ಷಮೆ ಕೇಳಲು ಈ ಪತ್ರ ಬರೆಯಲಿಲ್ಲ. ಉತ್ತರ ಬರೆಯುವ ಕಷ್ಟ ನಿನಗೆ ಬೇಡ.

ಇಂತಿ,
ನಿನ್ನ ಕೈ ಮುರಿದವನು

ಮರುಲೇಖ: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಪಾದ್ರಿಗೂ ಹೇಳದೆ ಒಂದನ್ನು ಉಳಿಸಿಕೊಂಡಿದ್ದೆ. ಆ ಭಾನುವಾರ ನನಗೆ ಕಣ್ಣು ಕತ್ತಲಾಗಿತ್ತು, ಏನು ಮಾಡುತ್ತಿದ್ದೇನೆಂದೇ ತಿಳಿಯಲಿಲ್ಲ ಎಂದು ನಿನ್ನೆದುರು ಎಷ್ಟೋ ಸಲ ಅತ್ತಿದ್ದೇನೆ. ತಲೆಗೆ ಏಟು ಬಿದ್ದು ನೀನು ಕುಸಿದಾಗ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಅವಳ ಹತ್ತಿರ ಹೋಗಿ, ತಲೆ ಸವರಿ, ಅಮ್ಮ ಬಿದ್ದಳು ಪುಟ್ಟಿ, ನೀನು ಹೊರಗೆ ಆಡಿಕೊ ಹೋಗು ಎಂದು ಮೆಲ್ಲಗೆ ಹೇಳಿದೆ. ಅವಳು ಹೋದಳು. ಬಾಗಿಲ ಚಿಲಕ ಹಾಕಿದೆ. ನಿನ್ನ ಕೈ ಹಿಡಿದದ್ದು ಅದಾದ ಮೇಲೆ.