ಮೂರನೆಯ ರಿಮೋಟ್

ಮನೆಯಿಂದ,
ಸೆಪ್ಟೆಂಬರ್ ೧೪, ಭಾನುವಾರ ಸಂಜೆ

ಮುದ್ದು ಮಗಳೇ,

ಕೆಮ್ಮು ಹೇಗಿದೆ? ಫೋನಿನಲ್ಲಿ ‘ಹೋಯ್ತಮ್ಮಾ’ ಎನ್ನುವಾಗಲೇ ಎರಡು ಸಲ ಕೆಮ್ಮಿದೆ. ಪಶುವೈದ್ಯಳಾಗುವವಳು ತನ್ನ ಗಂಟಲನ್ನೇ ನೋಡಿಕೊಳ್ಳದಿದ್ದರೆ ಹಸುಗಳು ನಿನ್ನನ್ನು ನಂಬುತ್ತವೆಯೇ? ಬಿಸಿನೀರು ಕುಡಿ. ಹಾಸ್ಟೆಲಿನ ಕಿಟಕಿಗೆ ಪರದೆ ಹಾಕಿಸಿಕೊಂಡೆಯಾ? ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪನ ಮಂಡಿನೋವು ನಿನ್ನ ಫೋನ್ ಬಂದಾಗ ಇರುವುದಿಲ್ಲ, ನಾನು ಅಂಗಡಿಗೆ ಹೋಗಿಬನ್ನಿ ಎಂದಾಗ ಬರುತ್ತದೆ.

ಈ ಕಾಲದಲ್ಲಿ ಕಾಗದ ಯಾಕೆ ಎಂದು ನೀನು ಹುಬ್ಬೇರಿಸುತ್ತೀಯ. ಫೋನಿನಲ್ಲಿ ನನ್ನ ಪಾಲಿಗೆ ಸಿಗುವುದು ಕೊನೆಯ ಎರಡು ಮಾತು. ಅಷ್ಟರಲ್ಲಿ ನೀವಿಬ್ಬರೂ ಟೈರಿನ ಗಾಳಿ, ಬ್ರೇಕಿನ ಸದ್ದು, ಮೈಲೇಜು ಎಂದು ಆನೆಮರಿಯ ಕ್ಷೇಮಸಮಾಚಾರವನ್ನೆಲ್ಲ ಮಾತಾಡಿ ಮುಗಿಸಿರುತ್ತೀರಿ. ಕಾರಿಗೆ ಆ ಹೆಸರಿಡುವಾಗಲೂ ನನ್ನನ್ನು ಕೇಳಲಿಲ್ಲ. ಶೋರೂಮಿನಿಂದ ಬಂದ ದಿನ ಗೇಟಿನ ಹತ್ತಿರ ನಿಂತಿದ್ದ ನನಗೆ, ಹೊಸ ನೆಂಟರನ್ನು ತೋರಿಸುವಂತೆ, ‘ಇವ್ನು ಆನೆಮರಿ’ ಎಂದು ಪರಿಚಯ ಮಾಡಿಕೊಟ್ಟಿರಿ. ಬೂದು ಬಣ್ಣದ ಆ ಪುಟ್ಟ ಎಸ್‌ಯುವಿಗೆ ಹೆಸರು ಚೆನ್ನಾಗಿಯೇ ಒಪ್ಪುತ್ತಿತ್ತು. ನನಗೆ ಇನ್ನಷ್ಟು ಸಿಟ್ಟು ಬಂದದ್ದು ಅದಕ್ಕೇ. ಆಮೇಲೆ ಸಂಜೆ ಸಂಜೆ ತಿರುಗಾಟ. ನೀವಿಬ್ಬರೂ ಮುಂದೆ, ನಾನು ಹಿಂದೆ, ತರಕಾರಿ ಚೀಲದ ಪಕ್ಕ. ಮುಂದಿನ ಸೀಟಿನ ನಗು ಹಿಂದಕ್ಕೆ ಬರುವಷ್ಟರಲ್ಲಿ ಅರ್ಧ ಗಾಳಿಗೆ ಹೋಗಿರುತ್ತಿತ್ತು. ಏನಂದಿರಿ ಎಂದು ಕೇಳಿದರೆ ‘ಏನಿಲ್ಲ ಬಿಡಮ್ಮಾ’ ಎನ್ನುತ್ತಿದ್ದೆ ನೀನು.

ಹೌದು, ಹೊಟ್ಟೆಕಿಚ್ಚೇ. ಹೆತ್ತ ಮಗಳ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ ಎಂದು ನನ್ನನ್ನು ನಾನೇ ಬೈದುಕೊಂಡದ್ದೂ ಉಂಟು. ತಾಯಂದಿರ ಬಗ್ಗೆ ಎಷ್ಟೋ ಕವಿತೆ ಓದಿದ್ದೇನೆ, ಕಾಲೇಜಿನಲ್ಲಿ ಪಾಠ ಮಾಡಿ ಮಕ್ಕಳ ಕಣ್ಣು ಒದ್ದೆ ಮಾಡಿಸಿದ್ದೇನೆ. ಅವುಗಳಲ್ಲಿ ಯಾವ ತಾಯಿಯೂ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಿರಲಿಲ್ಲ.

ನೀನು ಹೊರಟ ದಿನ ಸ್ಟೇಷನ್ನಿನಲ್ಲಿ ಏನಾಯಿತೆಂಬುದು ನಿನಗೆ ನೆನಪಿರಲಾರದು. ರೈಲು ಇನ್ನೇನು ಹೊರಡಬೇಕು, ನಿಮ್ಮಪ್ಪ ಜೇಬಿನಿಂದ ಕಾರಿನ ಎರಡನೆಯ ರಿಮೋಟ್ ಕೀಲಿ ತೆಗೆದು ನಿನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾವೇ ಮಡಿಸಿದರು. ‘ಇದು ನಿನ್ನ ಹತ್ರಾನೇ ಇರ್ಲಿ. ಎಲ್ಲಿದ್ರೂ ಗಾಡಿ ನಿಂದೇ,’ ಎಂದರು. ನಿನ್ನ ಹೊದಿಕೆಯ ಗಂಟನ್ನು ಎದೆಗವಚಿಕೊಂಡು ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಕೈಚೀಲದಲ್ಲಿ ಹೊಸದಾಗಿ ಬಂದ ಡ್ರೈವಿಂಗ್ ಲೈಸೆನ್ಸ್ ಇತ್ತು. ನಿಮಗಿಬ್ಬರಿಗೂ ಗೊತ್ತಾಗದ ಹಾಗೆ ಕಾಲೇಜು ಮುಗಿಸಿ ಡ್ರೈವಿಂಗ್ ಶಾಲೆಗೆ ಹೋಗಿ ಕಲಿತಿದ್ದೆ. ಅದನ್ನು ತೋರಿಸಲು ಒಳ್ಳೆಯ ಗಳಿಗೆ ನೋಡುತ್ತಿದ್ದೆ. ಆ ಗಳಿಗೆ ಬರಲಿಲ್ಲ, ರೈಲು ಹೊರಟಿತು.

ಮನೆಗೆ ಬಂದು ತೋರಿಸಿದಾಗ ನಿಮ್ಮಪ್ಪ ಸಂತೋಷವನ್ನೇ ಪಟ್ಟರು, ಪಾಪ. ಅಂದಿನಿಂದ ಕಾಲೇಜಿಗೆ ನಾನೇ ಕಾರು ಓಡಿಸುತ್ತೇನೆ. ಆದರೆ ಇರುವುದೊಂದೇ ರಿಮೋಟ್, ಅದು ಅವರ ಜೇಬಿನಲ್ಲಿ. ಬೆಳಿಗ್ಗೆ ಎದ್ದು ಕೇಳಬೇಕು, ಅವರು ಇದ್ದಬದ್ದ ಜೇಬನ್ನೆಲ್ಲ ತಟ್ಟಬೇಕು, ಸಂಜೆ ನಾನು ತಂದೊಪ್ಪಿಸಬೇಕು. ಶಾಲೆಯ ಹುಡುಗಿ ಸೀಮೆಸುಣ್ಣ ಕೇಳಿದ ಹಾಗೆ. ಮೊನ್ನೆ, ಇನ್ನೊಂದು ರಿಮೋಟ್ ಮಾಡಿಸೋಣ ಎಂದರೆ ಅವರು ಏನನ್ನಬೇಕು? ‘ಅವ್ಳು ರಜಕ್ಕೆ ಬರ್ಲಿ. ಅವ್ಳಿಗೆ ಇವೆಲ್ಲ ಗೊತ್ತು. ನಿನಗ್ಯಾಕೆ ಇಲ್ಲದ ತಲೆನೋವು?’

ಮರುದಿನವೇ ಪೇಟೆಯಲ್ಲಿ ಬೀಗದ ಅಂಗಡಿಗೆ ಹೋಗಿ ಹೊಸ ರಿಮೋಟ್ ಕೊಂಡು, ಅದಕ್ಕೆ ಕೀಲಿ ಕಡಿಸಿಕೊಂಡೆ. ಕಾರಿಗೆ ಹೊಂದಿಸುವುದನ್ನೂ ತಾನೇ ಮಾಡಿಕೊಡುತ್ತೇನೆ ಎಂದ ಅಂಗಡಿಯವನು. ಬೇಡ, ಹೇಳಿಕೊಡಿ ಸಾಕು ಎಂದೆ. ಎಲ್ಲ ಬಾಗಿಲೂ ಮುಚ್ಚಿರಬೇಕು. ಕೀಲಿಯನ್ನು ಬೇಗಬೇಗ ಆನ್ ಆಫ್ ಮಾಡಬೇಕು. ಗಾಡಿ ತಾನಾಗಿಯೇ ಬಾಗಿಲುಗಳ ಲಾಕು ಹಾಕಿ ತೆಗೆದರೆ, ಅದು ಒಪ್ಪಿದೆ ಎಂದರ್ಥ. ಆಗ ರಿಮೋಟುಗಳನ್ನು ಒಂದಾದ ಮೇಲೊಂದು ಒತ್ತಬೇಕು, ಹೊಸದನ್ನೂ ಹಳೆಯದನ್ನೂ. ಬಾಯಿಪಾಠ ಮಾಡಿಕೊಂಡು ಮನೆಗೆ ಬಂದೆ.

ಇವತ್ತು ಊಟವಾದ ಮೇಲೆ ನಿಮ್ಮಪ್ಪ ಗೊರಕೆ ಶುರು ಮಾಡಿದ ಕೂಡಲೇ ಅವರ ಅಂಗಿಯಿಂದ ರಿಮೋಟ್ ತೆಗೆದುಕೊಂಡು ಶೆಡ್ಡಿಗೆ ಹೋದೆ. ಡ್ರೈವರ್ ಸೀಟಿನಲ್ಲಿ ಕುಳಿತು ಕೀಲಿ ತಿರುಗಿಸಿದೆ, ತಿರುಗಿಸಿದೆ, ಕೈ ಸೋತುಹೋಯಿತು. ಕಾರು ಕಮಕ್ ಕಿಮಕ್ ಎನ್ನಲಿಲ್ಲ. ಇಳಿದು ಸುತ್ತ ನೋಡಿದರೆ ಹಿಂಬಾಗಿಲು ಸರಿಯಾಗಿ ಮುಚ್ಚಿಲ್ಲ. ಸಂದಿನಲ್ಲಿ ಸಿಕ್ಕಿಕೊಂಡಿದ್ದದ್ದು ನಿನ್ನ ಹಳೆಯ ಬ್ಯಾಡ್ಮಿಂಟನ್ ಚೀಲದ ಪಟ್ಟಿ. ನಿಮ್ಮಪ್ಪ ಅದನ್ನು ಇನ್ನೂ ಇಳಿಸಿಲ್ಲ. ನೀನು ಅಲ್ಲೆಲ್ಲೋ ಹಸುವಿನ ನಾಡಿ ನೋಡುತ್ತ ಇದ್ದುಕೊಂಡೇ ಇಲ್ಲಿ ನನಗೆ ಅಡ್ಡ ನಿಂತಿದ್ದೀಯ ಎನಿಸಿತು. ಪಟ್ಟಿಯನ್ನು ಒಳಗೆ ತುರುಕಿ, ಬಾಗಿಲನ್ನು ಬೇಕಾದ್ದಕ್ಕಿಂತ ಜೋರಾಗಿಯೇ ಹಾಕಿದೆ.

ಈ ಸಲ ಕಾರು ಒಪ್ಪಿತು. ನಾಲ್ಕೂ ಬಾಗಿಲುಗಳ ಲಾಕುಗಳು ಒಟ್ಟಿಗೆ ಟಪ್ ಎಂದು ಬಿದ್ದು, ಟಪ್ ಎಂದು ತೆರೆದುಕೊಂಡವು. ಒಳಗೆ ಕುಳಿತವಳಿಗೆ ಯಾರೋ ‘ಹೂಂ’ ಎಂದಂತಾಯಿತು. ನನ್ನ ರಿಮೋಟ್ ಒತ್ತಿದೆ. ನಿಮ್ಮಪ್ಪನದನ್ನು ಒತ್ತಬೇಕೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿದ್ದು ಸುಳ್ಳಲ್ಲ. ಆಮೇಲೆ ಒತ್ತಿದೆ.

ಲಾಕಿನ ಸದ್ದಿಗೆ ಅವರು ಎದ್ದು ಬಂದರು. ಯಾರು ಮಾಡಿಕೊಟ್ಟರು ಎಂದು ಕೇಳಿದರು. ನಾನೇ ಎಂದೆ. ಎರಡನ್ನೂ ಒತ್ತಿ ಒತ್ತಿ ನೋಡಿ, ನನ್ನ ಮುಖವನ್ನೂ ನೋಡಿ, ‘ಭಲೇ’ ಎಂದರು. ಅಲ್ಲಿಗೇ ನಿಲ್ಲಿಸಬಾರದಿತ್ತೇ? ‘ತಡಿ, ಮಗಳಿಗೆ ಹೇಳ್ಬೇಕು,’ ಎಂದು ಫೋನು ಹುಡುಕಲು ಹೊರಟರು. ನಾನೇ ಬರೆಯುತ್ತೇನೆ ಬಿಡಿ ಎಂದೆ.

ಈಗ ಬರೆದಾಯಿತು. ಚೆನ್ನಾಗಿ ಓದು, ಹೊತ್ತುಹೊತ್ತಿಗೆ ತಿನ್ನು, ಒದೆಯುವ ಹಸುವಿನ ಹಿಂದೆ ನಿಲ್ಲಬೇಡ. ನಿನ್ನ ಕೈ ಮುಟ್ಟಿದ ಪ್ರಾಣಿಗಳೆಲ್ಲ ಗುಣವಾಗಲಿ. ನಿಮ್ಮಪ್ಪನ ಪ್ರೀತಿಯನ್ನು ನಾನು ಬೇರೆಯಾಗಿ ಕಳಿಸಬೇಕಾಗಿಲ್ಲ.

ನಿನ್ನ,
ಅಮ್ಮ

ತಾ. ಕ.: ಮೇಲೆ ಒಂದು ಮಾತು ಬಿಟ್ಟಿದ್ದೇನೆ. ‘ಇರೋ ರಿಮೋಟೆಲ್ಲ ಒಂದೇ ಸಲ ಒತ್ಬೇಕಮ್ಮಾ, ಬಿಟ್ಟಿದ್ದನ್ನ ಗಾಡಿ ಮರ್ತುಬಿಡುತ್ತೆ,’ ಎಂದು ಅಂಗಡಿಯವನು ಮೊದಲೇ ಹೇಳಿದ್ದ. ಗೊತ್ತಿದ್ದೂ ಮಾಡಿದೆ. ನಿನ್ನ ಬಳಿ ಇರುವ ರಿಮೋಟ್‌ಗೆ ಕಾರು ಇನ್ನು ತೆರೆಯುವುದಿಲ್ಲ. ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ, ನೀನೂ ಹೇಳಬೇಡ. ರಜಕ್ಕೆ ಬರುವಾಗ ಮರೆಯದೆ ತಾ, ಮೂರನ್ನೂ ಸೇರಿಸಿ ಮತ್ತೆ ಹೊಂದಿಸಿಕೊಡುತ್ತೇನೆ. ನಾನು ಡ್ರೈವರ್ ಸೀಟಿನಲ್ಲಿ, ನೀನು ಪಕ್ಕದಲ್ಲಿ. ಎಲ್ಲ ಬಾಗಿಲೂ ಮುಚ್ಚಿರಬೇಕು. ಅಪ್ಪ ಸ್ವಲ್ಪ ಹೊತ್ತು ಹೊರಗೆ ನಿಂತಿರಲಿ.