ನಿಮ್ಮ ಕುರ್ಚಿಯ ಹಿಂದಿನ ಮೂಲೆ

...ಅಲ್ಲಿಗೇ ನಿಂತಿತ್ತಲ್ಲ ಮಾನ್ಯರೇ, ನಿನ್ನೆಯ ಮಾತು? "ಹೆಂಗಸು ಗೋಡೆ ಕಟ್ಟಿದ ನಿದರ್ಶನ ಈ ತಾಲ್ಲೂಕಿನಲ್ಲೇ ಇಲ್ಲ" ಎಂದು ತಾವು ಹೇಳಿದಿರಿ. ಅಷ್ಟರಲ್ಲಿ ಜವಾನ ಬಂದು ಊಟದ ಹೊತ್ತಾಯಿತು ಎಂದ. ನಾವು ಎದ್ದು ಬಂದೆವು. ಆಗ ನಾನು ಬಾಯಿ ತೆರೆಯಬೇಕಿತ್ತು, ತೆರೆಯಲಿಲ್ಲ. ಮಾತನಾಡಬೇಕಾದ ಹೊತ್ತಿಗೆ ಸುಮ್ಮನಿರುವುದು ನನಗೆ ಹಳೆಯ ರೋಗ. ಆ ರೋಗದ ಕಥೆಯನ್ನೇ ಈಗ ಬರೆಯುತ್ತಿದ್ದೇನೆ. ಒಂದು ಪ್ರತಿ ತಮಗೆ, ಒಂದು ಪ್ರತಿ ಪತ್ರಿಕೆಗೆ. ತಮ್ಮ ಪ್ರತಿ ಕಡತದ ಕೆಳಗೆ ಮಲಗಿದರೂ ಇನ್ನೊಂದು ಎಚ್ಚರವಾಗಿರಲಿ ಎಂದು.

ಅಹವಾಲು ಚಿಕ್ಕದು. ನನ್ನ ಜೊತೆ ಬಂದಿದ್ದ ಕೊಟ್ರಮ್ಮ ಜಗಳೂರು ಕಡೆಯವಳು, ಗಂಡ ತೀರಿಕೊಂಡವಳು, ಹದಿನಾಲ್ಕು ವರ್ಷದಿಂದ ನಮ್ಮ ಸವಳಂಗದ ಸುತ್ತ ಗಾರೆ ಕೆಲಸದಲ್ಲಿ ಇರುವವಳು. ನ್ಯಾಮತಿಯ ಹತ್ತಿರ ಶುರುವಾಗಲಿರುವ ಶಾಲೆಯ ಕಟ್ಟಡಕ್ಕೆ ತಮ್ಮ ಕಚೇರಿಯ ಗುರುತಿನ ಚೀಟಿ ಇರುವ ಮೇಸ್ತ್ರಿಗಳು ಮಾತ್ರ ಗೋಡೆ ಕಟ್ಟಬೇಕಂತೆ. ಆ ಚೀಟಿಗೆ ಅವಳು ಅರ್ಜಿ ಹಾಕಿದಳು. 'ಮೇಸ್ತ್ರಿ' ಎಂಬಲ್ಲಿ ತಾವು ಕೆಂಪು ಶಾಯಿಯಿಂದ ಗೀಟು ಎಳೆದು, 'ಹೆಣ್ಣಾಳು' ಎಂದು ತಿದ್ದಿ ತರಲು ಹೇಳಿದಿರಿ. ಹೆಣ್ಣಾಳು ಎಂದರೆ ತಲೆಯ ಮೇಲೆ ಗಾರೆಯ ಬಾಂಡ್ಲಿ ಹೊರುವವಳು. ಅವಳ ಕುತ್ತಿಗೆಯ ಮೂಳೆ ಸವೆದಿದೆ, ಇನ್ನು ತಲೆಯ ಮೇಲೆ ಒಂದು ಚೊಂಬು ನೀರನ್ನೂ ಹೊರಬಾರದು ಎಂದು ಹೊನ್ನಾಳಿಯ ವೈದ್ಯರು ಹೇಳಿದ್ದಾರೆ. ಆ ಕಾಗದವೂ ಅರ್ಜಿಯ ಜೊತೆಗಿತ್ತು. ತಾವು ಓದಿದಿರೋ ಇಲ್ಲವೋ. ಅವಳ ಕೈ ಚೆನ್ನಾಗಿದೆ, ಕಣ್ಣು ಚೆನ್ನಾಗಿದೆ, ಕುತ್ತಿಗೆ ಮಾತ್ರ ಹೋಗಿದೆ. ಆದರೆ ತಾವು ಕೆಲಸ ಕೊಡುವುದು ಅವಳ ಕುತ್ತಿಗೆಗೆ ಮಾತ್ರ. ಇದಕ್ಕೆ ಏನೆನ್ನಬೇಕು ಸ್ವಾಮಿ?

ನಾನು ದಾವಣಗೆರೆಯಲ್ಲಿ ಒಂದೂವರೆ ವರ್ಷ ಕಾಲೇಜು ಓದಿದವನು. ಇಂಗ್ಲಿಷ್ ಮೇಷ್ಟರು 'ಡಿಗ್ನಿಟಿ ಆಫ್ ಲೇಬರ್' ಎಂಬ ಪ್ರಬಂಧವನ್ನು ಬಾಯಿಪಾಠ ಮಾಡಿಸಿದ್ದರು. ಶೀರ್ಷಿಕೆ ಈಗಲೂ ನೆನಪಿದೆ. 'ಆಲ್ ವರ್ಕ್ ಈಸ್' ಎಂಬಲ್ಲಿಗೆ ಬಂದು ನಿಲ್ಲುತ್ತದೆ, ಮುಂದಿನದು ಮರೆತಿದೆ. ಪರೀಕ್ಷೆಯಲ್ಲೂ ಅಲ್ಲಿಗೇ ನಿಂತಿತ್ತು. ಹಾಗಾಗಿ ಊರಿಗೆ ಬಂದು ಅಪ್ಪನ ಗಾರೆ ಹಾಕುವ ಕರಣೆ ಹಿಡಿದೆ. ಅಪ್ಪ ಹೆಸರಾದ ಮೇಸ್ತ್ರಿ.

ತಮಗೆ ಗೊತ್ತಿರುವುದೇ, ಗೋಡೆ ಎಂದರೆ ಮೂಲೆ. ಎರಡು ಮೂಲೆ ಸರಿಯಾಗಿ ಎದ್ದರೆ ನಡುವೆ ದಾರ ಕಟ್ಟಿ ಇಟ್ಟಿಗೆ ಇಡುವುದು ಯಾರಿಗಾದರೂ ಬಂದೀತು. ಎಪ್ಪತ್ತೊಂದನೇ ಇಸವಿಯಲ್ಲಿ ಉಬ್ರಾಣಿಯಲ್ಲಿ ಸಾರವೆಯಿಂದ ಬಿದ್ದು ನನ್ನ ಬಲಗೈಯ ಮಣಿಕಟ್ಟು ಮುರಿಯಿತು. ಕೂಡಿಕೊಂಡಿತು, ಆದರೆ ಸೊಟ್ಟಗೆ. ದಾರದ ಮೇಲೆ ಇಟ್ಟಿಗೆ ಇಡಬಲ್ಲೆ. ಮೂಲೆಯ ಇಟ್ಟಿಗೆಗೆ ಕೊನೆಯ ಪೆಟ್ಟು ಕೊಡುವಾಗ ಮಾತ್ರ ಕೈ ನಡುಗುತ್ತದೆ. ದಾರಕ್ಕೆ ಕಟ್ಟಿದ ತೂಕದ ಗುಂಡು ಬಿಟ್ಟು ನೋಡಿದರೆ ಕಾಳಿನಷ್ಟು ಓರೆ. ಕೆಳಗೆ ಬಾಂಡ್ಲಿ ಹೊತ್ತು ನಿಂತಿದ್ದ ನನ್ನ ಹೆಂಡತಿ ಹನುಮಂತಮ್ಮ ಮೂರು ದಿನ ನೋಡಿದಳು. ನಾಲ್ಕನೆಯ ದಿನ ಬಾಂಡ್ಲಿ ಇಳಿಸಿ, "ಸರೀರಿ ಅತ್ಲಾಗೆ" ಎಂದಳು.

"ನಿನಗೆ ಬರಾಕಿಲ್ಲ ಕಣೇ."

"ಆರು ವರ್ಷ ಕೆಳಗೆ ನಿಂತು ನಾನೇನು ಕಾಗೆ ಎಣಿಸ್ತಿದ್ನಾ?"

ಕಟ್ಟಿದಳು. ಗುಂಡು ಬಿಟ್ಟೆ. ದಾರ ಇಟ್ಟಿಗೆಯ ಮೈಗೆ ಅಂಟಿಕೊಂಡಂತೆ ನೇರ ಇಳಿಯಿತು.

ಆದರೆ ಹೆಂಗಸು ಮೂಲೆ ಎಬ್ಬಿಸಿದರೆ ಆ ಮನೆಗೆ ಏಳಿಗೆಯಿಲ್ಲ ಎಂಬ ನಂಬಿಕೆ ನಮ್ಮ ಕಡೆ. ಗೊತ್ತಾದರೆ ಯಜಮಾನರು ಗೋಡೆ ಕೆಡವಿಸುತ್ತಾರೆ. ಆದ್ದರಿಂದ ಅವಳು ಬೆಳಕು ಹರಿಯುವ ಮುಂಚೆ ಮೂಲೆ ಎಬ್ಬಿಸುತ್ತಿದ್ದಳು. ಯಜಮಾನರು ಹಲ್ಲುಜ್ಜುತ್ತ ಬರುವ ಹೊತ್ತಿಗೆ ಕರಣೆ ನನ್ನ ಕೈಯಲ್ಲಿ, ಬಾಂಡ್ಲಿ ಅವಳ ತಲೆಯ ಮೇಲೆ. ನನಗೆ 'ಮೂಲೆ ಪಾಪಣ್ಣ' ಎಂಬ ಹೆಸರು ಬಂತು. ಚನ್ನಗಿರಿಯಿಂದ ಕರೆ ಬರುತ್ತಿತ್ತು, ಹೊನ್ನಾಳಿಯಿಂದ ಬರುತ್ತಿತ್ತು. ಆಯುಧಪೂಜೆಯ ದಿನ ನನ್ನ ಕರಣೆಗೆ ಕುಂಕುಮ, ಹೂವು. ಅವಳ ಬಾಂಡ್ಲಿ ಬಚ್ಚಲ ಪಕ್ಕ ಬೋರಲು ಬಿದ್ದಿರುತ್ತಿತ್ತು. ಒಂದು ವರ್ಷವೂ ನನಗದು ಕಾಣಲಿಲ್ಲ. ಕಣ್ಣಿಗೆ ಏನೂ ಆಗಿರಲಿಲ್ಲ, ಮುರಿದದ್ದು ಕೈ ಮಾತ್ರ.

ಇನ್ನು ಈ ಚೀಟಿಯ ಕಥೆ. ಎಪ್ಪತ್ತೆಂಟರಲ್ಲಿ, ತಮಗಿಂತ ಹಿಂದೆ ಇದ್ದ ಅಧಿಕಾರಿಗಳು ಮೇಸ್ತ್ರಿಗಳಿಗೆ ಪರೀಕ್ಷೆ ಇಟ್ಟರು. ಅಂಗಳದಲ್ಲಿ ಒಬ್ಬೊಬ್ಬರೂ ಎದೆಮಟ್ಟ ಮೂಲೆ ಕಟ್ಟಬೇಕು. ಸಾಹೇಬರು ತಿಂಡಿಗೆ ಹೋದರು. ಗಾರೆ ಕಲಸಿಕೊಡಲು ಜೊತೆಗೆ ಬಂದಿದ್ದ ಹನುಮಂತಮ್ಮನ ಮುಖ ನೋಡಿದೆ. ಪಕ್ಕದಲ್ಲಿದ್ದ ಜಯಪ್ಪ ಮೇಸ್ತ್ರಿ ಇಡೀ ಅಂಗಳಕ್ಕೆ ಕೇಳುವಂತೆ ಹೇಳಿದ: "ಲೇ, ಎಲ್ಲಾರೂ ಸ್ವಲ್ಪ ಈ ಕಡೆ ನಿಂತ್ಕಂಡು ಬೀಡಿ ಸೇದ್ರಪ್ಪಾ. ಮೂಲೆ ಪಾಪಣ್ಣಗೆ ಗಾಳಿ ಹೆಚ್ಚಾದ್ರೆ ಕೈ ಓಡಾಕಿಲ್ಲ." ಅಂದರೆ ಮೇಸ್ತ್ರಿಗಳಿಗೆಲ್ಲ ಗೊತ್ತಿತ್ತು ಸ್ವಾಮಿ. ಎಂಟು ಜನರ ಬೆನ್ನಿನ ಮರೆಯಲ್ಲಿ ಅವಳು ಕಟ್ಟಿದಳು.

ಸಾಹೇಬರು ಬಂದರು, ಗುಂಡು ಬಿಟ್ಟರು, "ಪರ್ಫೆಕ್ಟ್" ಎಂದರು. "ಯಾರು ಕಲಿಸಿದ್ದು?" ಎಂದು ಕೇಳಿದರು.

"ನಮ್ಮಪ್ಪ" ಎಂದೆ.

ಬಸ್ಸು ಹಿಡಿದು ಊರಿಗೆ ಬಂದೆವು. ಮನೆಯ ಬಾಗಿಲು ತೆಗೆಯುವಾಗ, ನನ್ನ ಕಡೆ ತಿರುಗದೆ ಹೇಳಿದಳು: "ಸತ್ತಿರೋ ಮಾವನ್ನ ಕರೆದ್ರಲ್ಲ, ಬದುಕಿರೋ ನಾನು ಎರಡು ಮಾರು ದೂರದಾಗೆ ನಿಂತಿದ್ದೆ." ಆಮೇಲೆ ಒಲೆ ಹಚ್ಚಿ ಅನ್ನಕ್ಕಿಟ್ಟಳು. ಜಗಳವಾಡಿದ್ದರೆ ಚೆನ್ನಾಗಿತ್ತು.

ಕೊಟ್ರಮ್ಮನಿಗೆ ಕಲಿಸಿದ್ದು ಅವಳೇ. ಮಧ್ಯಾಹ್ನ ಬುತ್ತಿ ಉಂಡ ಮೇಲೆ ಉಳಿದ ಗಾರೆಯಲ್ಲಿ ಇಬ್ಬರೂ ಮರದ ಕೆಳಗೆ ಪುಟ್ಟ ಮೂಲೆ ಕಟ್ಟುವರು, ಕೆಡವುವರು. "ಒಂದ್ಸಲ ನಡುಬಿಸಿಲಾಗೆ, ಎಲ್ಲಾರ ಎದ್ರಿಗೆ ಕಟ್ಬೇಕು ಕಣೇ ಕೊಟ್ರಿ" ಎನ್ನುತ್ತಿದ್ದಳು. "ಬೇಡಕ್ಕಾ, ಬಿಸಿಲಿಗೆ ಕರ್ರಗಾಗ್ತೀಯ" ಎಂದು ಇವಳು ನಗುತ್ತಿದ್ದಳು. ಅವಳಿಗೆ ಇನ್ನೇನು ಕಪ್ಪಾಗುವುದಿತ್ತು?

ಎಂಬತ್ತೊಂದರ ಶ್ರಾವಣದಲ್ಲಿ ಕೆಮ್ಮು ಎದೆಗೆ ಇಳಿಯಿತು. ಸಿಮೆಂಟು ಜರಡಿ ಹಿಡಿಯುವುದೂ ಹೆಣ್ಣಾಳಿನ ಕೆಲಸವೇ ಅಲ್ಲವೆ. ಆಸ್ಪತ್ರೆಯಲ್ಲಿ ಹೆಸರು ಬರೆಸುವಾಗ ಗುಮಾಸ್ತ ಉದ್ಯೋಗವೇನು ಎಂದು ಕೇಳಿದ. ಮಂಚದ ಮೇಲೆ ಅವಳು, ಪಕ್ಕದಲ್ಲಿ ನಾನು, ಸುತ್ತ ಮೇಸ್ತ್ರಿಗಳಿಲ್ಲ, ಯಜಮಾನರಿಲ್ಲ, ಅಧಿಕಾರಿಗಳಿಲ್ಲ. ಯಾರ ಭಯವೂ ಇರಲಿಲ್ಲ ಮಾನ್ಯರೇ. ಆದರೂ ನನ್ನ ಬಾಯಿಂದ ಬಂದದ್ದು "ಹೌಸ್ ವೈಫ್". ಇಂಗ್ಲಿಷಿನಲ್ಲಿ ಹೇಳಿದೆ, ಗುಮಾಸ್ತ ಮರ್ಯಾದೆ ಕೊಡಲಿ ಎಂದು.

ಅವಳು ಗೋಡೆಯ ಕಡೆ ಮಗ್ಗುಲಾದಳು. ಅತ್ತಳೋ ಏನೋ ಎಂದು ಬಗ್ಗಿ ನೋಡಿದೆ. ಅಳುತ್ತಿರಲಿಲ್ಲ, ಗೋಡೆಯ ಮೂಲೆಯನ್ನು ನೋಡುತ್ತಿದ್ದಳು. "ಈ ಮೂಲೆ ತೂಕ ತಪ್ಪೈತೆ ನೋಡ್ರಿ" ಎಂದಳು. ಹನ್ನೊಂದು ದಿನ ಅದನ್ನೇ ನೋಡುತ್ತ ಮಲಗಿದ್ದಳು. ಹನ್ನೆರಡನೆಯ ದಿನ ಇರಲಿಲ್ಲ.

ಈಗ ತಮ್ಮ ನಿದರ್ಶನದ ಮಾತಿಗೆ ಬರುತ್ತೇನೆ. ಎಪ್ಪತ್ತಾರರಲ್ಲಿ ತಮ್ಮ ಕಚೇರಿಗೆ ಎರಡು ಕೋಣೆ ಸೇರಿಸಿದರು. ಆ ಕೆಲಸ ನಮ್ಮದು. ತಾವು ಕುಳಿತುಕೊಳ್ಳುವುದು ಅದರಲ್ಲಿ ಮೊದಲನೆಯ ಕೋಣೆಯಲ್ಲಿ. ಕುರ್ಚಿಯ ಹಿಂದೆ, ಎಡಕ್ಕೆ, ನಕ್ಷೆ ತೂಗುಹಾಕಿರುವ ಮೂಲೆಯನ್ನು ಎಬ್ಬಿಸಿದವಳು ಹನುಮಂತಮ್ಮ. ತಾಲ್ಲೂಕಿನಲ್ಲೇ ಇಲ್ಲ ಎಂದಿರಲ್ಲ, ನಿದರ್ಶನ ತಮ್ಮ ಬೆನ್ನಿನ ಹಿಂದೆ ಎಂಟು ವರ್ಷದಿಂದ ನಿಂತಿದೆ. ದಯಮಾಡಿ ಎದ್ದು ಗುಂಡು ಬಿಟ್ಟು ನೋಡಿ. ಹೆಂಗಸು ಎಬ್ಬಿಸಿದ ಮೂಲೆಗೆ ಏಳಿಗೆಯಿಲ್ಲವೆಂದರೆ, ಆ ಕೋಣೆಯಲ್ಲಿ ಕುಳಿತ ಇಬ್ಬರು ಅಧಿಕಾರಿಗಳಿಗೆ ಬಡ್ತಿ ಹೇಗೆ ಬಂತು?

ನನ್ನ ಚೀಟಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಅದು ಸುಳ್ಳು ಚೀಟಿ. ಶಿಕ್ಷೆ ಇದ್ದರೆ ಕೊಡಿ, ಓಡುವ ವಯಸ್ಸಲ್ಲ. ಅವಳ ಹೆಸರನ್ನು ಅದರ ಮೇಲೆ ಬರೆಯಿರಿ ಎಂದು ಕೇಳಬೇಕೆಂದಿದ್ದೆ. ಕೊಟ್ರಮ್ಮ ಬೇಡ ಎಂದಳು. "ಸತ್ತೋಳಿಗೆ ಚೀಟಿ ಏನಕ್ಕೆ ಮಾವ, ಅಕ್ಕ ಅಲ್ಲಿ ಯಾರಿಗೆ ತೋರಿಸ್ತಾಳೆ? ಬದುಕಿರೋರನ್ನ ಕೇಳು" ಎಂದಳು. ಅದೇ ಮಾತನ್ನು ನಾನು ಮೊದಲೂ ಒಮ್ಮೆ ಕೇಳಿಸಿಕೊಂಡಿದ್ದೆ.

ಆದ್ದರಿಂದ ಬೇಡುವುದು ಇಷ್ಟು. ಶಾಲೆಯ ಕೆಲಸ ಶುರುವಾಗುವ ಮುಂಚೆ ಒಂದು ದಿನ ಗೊತ್ತುಮಾಡಿ. ತಮ್ಮ ಅಂಗಳದಲ್ಲಿ, ನಡುಹಗಲಲ್ಲಿ, ಯಾರ ಬೆನ್ನಿನ ಮರೆಯೂ ಇಲ್ಲದೆ ಕೊಟ್ರಮ್ಮ ಮೂಲೆ ಎಬ್ಬಿಸುತ್ತಾಳೆ. ತಾವು ತಿಂಡಿಗೆ ಹೋಗದೆ ನಿಂತು ನೋಡಿ. ತೂಕದ ಗುಂಡು ತಮ್ಮ ಕೈಯಿಂದಲೇ ಇಳಿಯಲಿ. ಓರೆಯಿದ್ದರೆ ಅರ್ಜಿ ಹರಿದುಹಾಕಿ. ನೇರವಿದ್ದರೆ ಆ ಕೆಂಪು ಗೀಟನ್ನು ಹಿಂದಕ್ಕೆ ತೆಗೆದುಕೊಳ್ಳಿ. ಬಾಂಡ್ಲಿ ಹೊರಲು ಆಳು ಯಾರು ಎಂಬ ಚಿಂತೆ ಬೇಡ. ಅದನ್ನು ನಾನು ಹೊರುತ್ತೇನೆ. ಯಾರು ಕಲಿಸಿದ್ದು ಎಂದು ತಾವು ಕೇಳಬೇಕು, ಗಟ್ಟಿಯಾಗಿ ಕೇಳಬೇಕು. ಈ ಸಲ ಉತ್ತರ...

ಅಕ್ಷರ ಸರಿಯಾಗಿ ಕಾಣುತ್ತಿಲ್ಲ. ಹೊತ್ತು ಮುಳುಗುತ್ತಿದೆ, ಹಾಳೆಯ ಮೇಲೆ ಬೆಳಕು ಇಷ್ಟೇ ಉಳಿದಿದೆ. ಅವಳು ಇದಕ್ಕಿಂತ ಕಡಿಮೆ ಬೆಳಕಿನಲ್ಲಿ ಮೂಲೆ ಎಬ್ಬಿಸುತ್ತಿದ್ದಳು. ನನಗೆ ಒಂದು ಸಾಲೂ ನೇರ ಬರುತ್ತಿಲ್ಲ.

ಇಂತಿ,
ಹನುಮಂತಮ್ಮ ಮೇಸ್ತ್ರಿಯ ಗಂಡ,
ಪಾಪಣ್ಣ, ಸವಳಂಗ
('ಮೂಲೆ' ಎಂಬುದನ್ನು ತೆಗೆದಿದ್ದೇನೆ, ಅದು ಅವಳದು)